ಉಳಿದ ಬಿಸಿಲಿನ ಒಡತಿ

ಬಿಸಿಲಿಗೂ ಸರ್ಕಾರಕ್ಕೆ ರಾಯಲ್ಟಿ ಕಟ್ಟಬೇಕು ಎಂದು ನಾನು ನಂಬಿದ್ದೆ. ಹೊಳೆಯ ಮರಳು ತೆಗೆದರೆ ರಾಯಲ್ಟಿ, ಗುಡ್ಡದ ಕಲ್ಲು ಒಡೆದರೆ ರಾಯಲ್ಟಿ, ಕಾಡಿನ ಬಿದಿರು ಕಡಿದರೆ ರಾಯಲ್ಟಿ. ಹಾಗಿರುವಾಗ ಬಿಸಿಲೊಂದು ಬಿಟ್ಟಿ ಹೇಗಾದೀತು? ವಿಶಾಖಪಟ್ಟಣದ ಪೂರ್ವಾದ್ರಿ ಲೀಸಿಂಗ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಗಣಿ ಇಲಾಖೆಗೆ ಒಂದು ಪತ್ರ ತಯಾರಿಸಿದೆ. ನಮ್ಮ ಕಂಪನಿಯು ಸೌರಶಕ್ತಿ ಯೋಜನೆಗಳಿಗೆ ಕೈಹಾಕಲಿರುವುದರಿಂದ ಬಿಸಿಲಿನ ಪರವಾನಗಿಯ ಅರ್ಜಿ ಮತ್ತು ರಾಯಲ್ಟಿಯ ದರಪಟ್ಟಿಯನ್ನು ದಯವಿಟ್ಟು ಕಳುಹಿಸಿಕೊಡಬೇಕು ಎಂದು ಬರೆದು, ಸಹಿಗೆ ಜಾಗ ಬಿಟ್ಟು, ಮ್ಯಾನೇಜರ್ ರಾಮಮೋಹನ್ ಅವರ ಮೇಜಿನ ಮೇಲಿಟ್ಟು, ಹೊಗಳಿಕೆಗೆ ಕಾದು ಕುಳಿತೆ.

ರಾಮಮೋಹನ್ ಅದನ್ನು ಮೊದಲು ಮನಸ್ಸಿನಲ್ಲಿ ಓದಿದರು. ಆಮೇಲೆ ಎದ್ದು ನಿಂತು ಇಡೀ ಆಫೀಸಿಗೆ ಕೇಳುವ ಹಾಗೆ ಓದಿದರು. ಕೊನೆಗೆ ತಮ್ಮ ತೆಲುಗಿನಲ್ಲಿ, "ಬಾಲಚಂದ್ರಗಾರೂ, ಬೆಳದಿಂಗಳಿಗೆ ರಿಯಾಯಿತಿ ಉಂಟಾ ಅಂತ ಒಂದು ಸಾಲು ಸೇರಿಸಬೇಕಿತ್ತು. ನಿಮ್ಮ ಹೆಸರಿಗೆ ಅದು ಸಲ್ಲಬೇಕಾದ್ದೇ," ಎಂದರು.

ನಾನು ತುಮಕೂರಿನ ಬಿ.ಕಾಂ. ಬ್ಯಾಂಕಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದಿದ್ದ ನಮ್ಮ ಸೋದರಮಾವ ಶಂಕರಪ್ಪನವರು, ಬ್ಯಾಂಕಿಗೆ ಸಾಲ ಕೇಳಿಕೊಂಡು ಬರುತ್ತಿದ್ದ ಈ ಕಂಪನಿಯವರಿಗೆ "ನಮ್ಮ ಹುಡುಗ ಬಹಳ ಚುರುಕು" ಎಂದು ಹೇಳಿ ಸೇರಿಸಿದ್ದರು. ಆ ಪತ್ರದ ಸುದ್ದಿ ಅವರ ಕಿವಿಗೆ ಬಿದ್ದ ಮೇಲೆ ಮಾವ ನನ್ನನ್ನು "ನಮ್ಮ ಹುಡುಗ" ಎನ್ನುವುದನ್ನು ಬಿಟ್ಟು "ನಮ್ಮ ತಂಗಿಯ ಮಗ" ಎನ್ನತೊಡಗಿದರು.

ಕಂಪನಿ ಬಿಸಿಲು ಮಾರುತ್ತಿರಲಿಲ್ಲ, ತೆರಿಗೆ ಉಳಿಸುತ್ತಿತ್ತು. ಅದು ತಿಳಿಯಲು ನನಗೆ ಇನ್ನೂ ಕೆಲವು ತಿಂಗಳು ಹಿಡಿಯಿತು. ಆಗಿನ ಕಾನೂನು ಹೀಗಿತ್ತು: ಬಿಸಿಲಿನಿಂದ ನಡೆಯುವ ಯಂತ್ರವನ್ನು ಕೊಂಡರೆ, ಅದರ ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಸವಕಳಿ ಎಂದು ತೋರಿಸಿ ಲಾಭದಲ್ಲಿ ಕಳೆಯಬಹುದು. ಷರತ್ತು ಒಂದೇ. ಮಾರ್ಚ್ ಮೂವತ್ತೊಂದರೊಳಗೆ ಯಂತ್ರ ಬಳಕೆಗೆ ಬಂದಿರಬೇಕು. ಒಂದು ದಿನ ಬಳಸಿದರೂ ಸಾಕು. ಆದ್ದರಿಂದ ನಮ್ಮ ಕಂಪನಿ ನೀರು ಕಾಯಿಸುವ ಸೋಲಾರ್ ಯಂತ್ರಗಳನ್ನು ಕೊಂಡು ಲಾಡ್ಜುಗಳಿಗೆ ಬಾಡಿಗೆಗೆ ಕೊಡುತ್ತಿತ್ತು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ಶಾಲೆಯಲ್ಲಿ ಕಲಿತಿದ್ದೆ. ನಮ್ಮ ಆಫೀಸಿನಲ್ಲಿ ಅವನು ಫೆಬ್ರವರಿಯಲ್ಲಿ ಹುಟ್ಟಿ ಮಾರ್ಚ್ ಕೊನೆಗೆ ಮುಳುಗುತ್ತಿದ್ದ.

೧೯೯೦ರ ಫೆಬ್ರವರಿಯಲ್ಲಿ ವಿಜಯವಾಡದ ಒಂದು ಲಾಡ್ಜು ಬಲೆಗೆ ಬಿತ್ತು. ಒನ್ ಟೌನಿನ ಸಗಟು ಅಂಗಡಿಗಳಿಗೆ ಸರಕು ಕೊಳ್ಳಲು ಬರುವವರು ಇಳಿದುಕೊಳ್ಳುವ ಜಾಗ ಅದು. ಯಜಮಾನ ಕಾಮೇಶ್ವರ ರಾವು. 'ದಿನವಿಡೀ ಬಿಸಿನೀರು' ಎಂದು ಬೋರ್ಡು ಹಾಕಿದರೆ ಲಾಡ್ಜಿಗೆ ಸ್ಟಾರ್ ಬಂದಂತೆ ಎಂದು ಈ ಯಜಮಾನರ ತಲೆಯಲ್ಲಿ ರಾಮಮೋಹನ್ ತುಂಬಿದ್ದರು. ಆದರೆ ಲಾಡ್ಜಿನ ಮಾಳಿಗೆಯಲ್ಲಿ ಜಾಗವಿರಲಿಲ್ಲ. ನೀರಿನ ಟ್ಯಾಂಕು, ಬೋರ್ಡಿನ ಕಂಬ, ಅಡಿಗೆಯವರ ಶೆಡ್ಡು. ಪಕ್ಕದ ಮನೆಯ ಮಾಳಿಗೆಯೊಂದೇ ಬಯಲಾಗಿ, ಬೆಳಗಿನಿಂದ ಸಂಜೆಯವರೆಗೆ ಉರಿಯುತ್ತ ಬಿದ್ದಿತ್ತು. ಅದನ್ನು ಹತ್ತು ವರ್ಷಕ್ಕೆ ಗುತ್ತಿಗೆ ಹಿಡಿದು, ಯಂತ್ರ ಅಲ್ಲಿಟ್ಟು, ಪೈಪನ್ನು ಲಾಡ್ಜಿಗೆ ಎಳೆಯುವುದೆಂದು ತೀರ್ಮಾನವಾಯಿತು.

"ಆ ಮನೆಯ ಮುದುಕಮ್ಮ ನಿಮ್ಮ ಕನ್ನಡದವರಂತೆ," ಎಂದರು ರಾಮಮೋಹನ್. "ನೀವು ಹೋಗಿ. ಕನ್ನಡದಲ್ಲಿ ಎರಡು ಮಾತಾಡಿದರೆ ಕರಗುತ್ತಾರೆ."

ಹೀಗೆ ನಾನು ಅನಸೂಯಮ್ಮನವರ ಮಾಳಿಗೆ ಹತ್ತಿದೆ.

ಹತ್ತಿದೆ ಎಂದರೆ ಕೊನೆಯ ಮೆಟ್ಟಿಲಿನಲ್ಲೇ ನಿಂತೆ, ಏಕೆಂದರೆ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮಾಳಿಗೆಯ ತುಂಬ ಹಳೆಯ ಸೀರೆಗಳು, ಸೀರೆಗಳ ತುಂಬ ಸಂಡಿಗೆ. ಅಕ್ಕಿ ಸಂಡಿಗೆ, ಸಬ್ಬಕ್ಕಿ ಸಂಡಿಗೆ, ಬೂದುಗುಂಬಳದ ಸಂಡಿಗೆ, ಒಂದು ಮೂಲೆಯಲ್ಲಿ ಮಜ್ಜಿಗೆಯಲ್ಲಿ ನೆನೆಸಿದ ಮೆಣಸಿನಕಾಯಿ. ನಡುವೆ ಒಂದು ಕಪ್ಪು ಛತ್ರಿ, ಛತ್ರಿಯ ಕೆಳಗೆ ಅನಸೂಯಮ್ಮ, ಕೈಯಲ್ಲಿ ಕಾಗೆ ಓಡಿಸುವ ಕೋಲು. ಕೋಲನ್ನು ನನ್ನತ್ತ ಎತ್ತಿ, "ಎವರಂಡಿ?" ಎಂದು ತೆಲುಗಿನಲ್ಲಿ ಯಾರೆಂದು ವಿಚಾರಿಸಿದರು.

"ಅಮ್ಮಾ, ನಾನು ಕನ್ನಡದವನು. ತುಮಕೂರು," ಎಂದೆ.

"ಅಯ್ಯ, ನಮ್ಮಾಂವ ಬಂದಾನ! ಬಾರೋ ತಮ್ಮಾ. ಚಪ್ಪಲಿ ಅಲ್ಲೇ ಬಿಡು. ಬರಿಗಾಲಾಗ ಬಂದ್ರ ಸುಡತೈತಿ, ಓಡಿ ಬಾ," ಎಂದರು. ಓಡಿದೆ. ಸುಟ್ಟಿತು.

ಅವರ ತಂದೆ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರ. ಗುಂತಕಲ್ಲಿಗೆ ವರ್ಗವಾದಾಗ ಪಕ್ಕದ ಕ್ವಾರ್ಟರ್ಸಿನಲ್ಲಿ ಒಂದು ತೆಲುಗು ಕುಟುಂಬ. ಎರಡೂ ಮನೆಗಳ ನಡುವೆ ಹೆಪ್ಪು ಹಾಕುವ ಮಜ್ಜಿಗೆ, ಕರಿಬೇವು, ಆಮೇಲೆ ಜಾತಕ ಕೈಬದಲಾಯಿತು. ಗಂಡ ಗೂಡ್ಸ್ ಗಾಡಿಯ ಗಾರ್ಡ್ ಆಗಿ ಬೆಜವಾಡಕ್ಕೆ, ಅಂದರೆ ಇದೇ ವಿಜಯವಾಡಕ್ಕೆ, ಬಂದರು, ಈ ಮನೆ ಕಟ್ಟಿಸಿದರು, ತೀರಿಹೋದರು. ಅವರಿದ್ದಾಗ ಮನೆಗೆಂದು ಹಾಕುತ್ತಿದ್ದ ಸಂಡಿಗೆಯೇ ಅವರು ಹೋದ ಮೇಲೆ ಕಸುಬಾಯಿತು. ಗವರ್ನರ್‌ಪೇಟೆಯ ಊಟದ ಹೋಟೆಲುಗಳು, ವರ್ಗವಾಗಿ ಬಂದ ಬ್ಯಾಂಕಿನ ಕನ್ನಡ ಸಂಸಾರಗಳು, ಒನ್ ಟೌನಿನ ಕಿರಾಣಿಯವರು ಎಲ್ಲರೂ ಅವರ ಗಿರಾಕಿಗಳು. ಮಗಳು ಸುಮಿತ್ರಾ ಮದುವೆಯಾಗಿ ಮಂಗಳಗಿರಿಯಲ್ಲಿದ್ದಳು. "ಬಾ ಅಮ್ಮಾ, ನಮ್ಮಲ್ಲೇ ಇರು" ಎಂದು ಅವಳು ಕರೆದಾಗಲೆಲ್ಲ ಇವರದು ಒಂದೇ ಉತ್ತರ: "ನಿಮ್ಮನಿ ಹಂಚಿಂದು, ಸಂಡಿಗಿ ಒಣಗಸಾಕ ಮಾಳಗಿ ಇಲ್ಲ." ಮಾಳಿಗೆಯಲ್ಲಿ ಬಿಸಿಲು ಇರುವವರೆಗೆ ಅನಸೂಯಮ್ಮ ಯಾರ ಮನೆಯ ಅತಿಥಿಯೂ ಅಲ್ಲ. ಇದು ನನಗೆ ಮೊದಲ ದಿನವೇ ಅರ್ಥವಾಗಿತ್ತು. ಅರ್ಥವಾಗಿಯೂ ನಾನು ಸೌರಶಕ್ತಿಯ ಮೇಲೆ ಭಾಷಣ ಮಾಡಿದೆ. ಸಂಬಳದವನು ನೋಡಿ.

ಅವರು ಕೊನೆಯವರೆಗೂ ಕೇಳಿದರು. ಕೇಳಿ, "ಅಲ್ಲೋ, ಮಾಳಗಿ ಬಾಡಿಗಿ ಕೇಳಿದಾರನ್ನ ನೋಡೀನಿ. ಬಿಸಿಲು ಬಾಡಿಗಿ ಕೇಳಾಕ ಬಂದಾಂವ ನೀನೇ ಮೊದಲನೇದಾಂವ," ಎಂದರು.

ಕರಗುವ ಲಕ್ಷಣ ಕಾಣಲಿಲ್ಲ. ಆದರೆ ಗಾರೆ ಬಿರುಕು ಬಿಟ್ಟು ಮಾಳಿಗೆ ಸೋರುತ್ತಿತ್ತು. ಮಳೆಗಾಲದಲ್ಲಿ ಡಬ್ಬಿಗಳಲ್ಲಿ ತುಂಬಿಟ್ಟ ಸಂಡಿಗೆಗೇ ತೊಟ್ಟಿಕ್ಕುತ್ತಿತ್ತು. ಯಂತ್ರ ಕೂರಿಸುವ ಮೊದಲು ಕಂಪನಿಯ ಖರ್ಚಿನಲ್ಲಿ ಮಾಳಿಗೆಗೆ ಹೊಸದಾಗಿ ಗಾರೆ ಹಾಕಿಸಿಕೊಡುತ್ತೇವೆ ಎಂದೆ. ಅವರು ಕೋಲನ್ನು ಕೆಳಗಿಟ್ಟರು.

"ಹಂಗಾರ ಬರಕೊಡ್ರಿ. ಆದ್ರ ಒಂದು ಮಾತು. ನಿಮ್ಮ ಯಂತ್ರ ನೀರು ಕಾಸಾಕ ಎಷ್ಟು ಬಿಸಿಲು ತಗೋತೈತೋ ತಗೊಳ್ಳಲಿ. ಉಳಿದ ಬಿಸಿಲು ನಂದು. ಅದನ್ನ ಕಾಗದದಾಗ ಬರೀಬೇಕು."

ಗವರ್ನರ್‌ಪೇಟೆಯ ವಕೀಲರ ಆಫೀಸಿನಲ್ಲಿ ಇದನ್ನು ಹೇಳಿದಾಗ ವಕೀಲರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಕ್ಕರು. ಗಾಳಿ ಬೆಳಕಿನ ಹಕ್ಕು ಕಾನೂನಿನಲ್ಲಿದೆ, ಕಿಟಕಿಯ ಬೆಳಕಿಗೆ ಮೊಕದ್ದಮೆ ನಡೆದದ್ದೂ ಉಂಟು. ಆದರೆ ಮಿಕ್ಕ ಬಿಸಿಲಿಗೆ ಒಡೆತನ ಬರೆದುಕೊಟ್ಟ ಪತ್ರ ತಾವು ಕಂಡಿಲ್ಲ ಎಂದರು. ಬಿಸಿಲಿಗೆ ರಾಯಲ್ಟಿ ಹುಡುಕಿದ್ದ ನಾನು ಈ ವಿಷಯದಲ್ಲಿ ಬಾಯಿ ತೆರೆಯುವಂತಿರಲಿಲ್ಲ. ವಿಶಾಖಪಟ್ಟಣಕ್ಕೆ ಟ್ರಂಕ್ ಕಾಲ್ ಮಾಡಿದಾಗ ರಾಮಮೋಹನ್, "ಮಾರ್ಚ್ ಬಂತು ಮಾರಾಯ್ರೆ! ಉಳಿದ ಬಿಸಿಲಷ್ಟೇ ಅಲ್ಲ, ಉಳಿದ ಗಾಳಿಯನ್ನೂ ಬರೆದುಕೊಡಿ, ಸಹಿ ಮಾಡಿಸಿ," ಎಂದು ಕೂಗಿದರು. ಆದ್ದರಿಂದ ಗುತ್ತಿಗೆ ಪತ್ರದಲ್ಲಿ ಹೀಗೊಂದು ಕಲಮು ಸೇರಿತು: 'ಸದರಿ ಯಂತ್ರವು ನೀರು ಕಾಯಿಸುವ ಬಗ್ಗೆ ಉಪಯೋಗಿಸಿಕೊಂಡು ಉಳಿದ ಬಿಸಿಲು ಮಾಳಿಗೆಯ ಒಡತಿಗೆ ಸೇರತಕ್ಕದ್ದು.' ತೆಲುಗಿನಲ್ಲಿ ಬರೆದ ಪತ್ರವನ್ನು ಅನಸೂಯಮ್ಮ ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡು, ಆಮೇಲೆ ಸಹಿ ಹಾಕಿದರು.

ಗಾರೆ ಕೆಲಸ ಮುಗಿಯಿತು. ಯಂತ್ರ ಬಂತು. ಮೇಲೆ ಗಾಜು, ಒಳಗೆ ಕಪ್ಪು ತಗಡು, ಓರೆಯಾಗಿ ನಿಲ್ಲಿಸಿದ ಉದ್ದುದ್ದ ಪೆಟ್ಟಿಗೆಗಳು. ಮಾರ್ಚ್ ಮೂವತ್ತೊಂದಕ್ಕೆ ಯಂತ್ರ ಬಳಕೆಗೆ ಬರಬೇಕು, ಅಂದರೆ ಯಾರಾದರೂ ಒಬ್ಬರು ಬಿಸಿನೀರು ಬಳಸಬೇಕು. ರಾಮಮೋಹನ್ ಫೋಟೋಗ್ರಾಫರನ್ನೂ ಕರೆದುಕೊಂಡು ರೈಲಿನಲ್ಲಿ ಬಂದಿಳಿದರು.

ಅಲ್ಲಿಯವರೆಗೆ ಯಾರೂ ಯೋಚಿಸದೇ ಇದ್ದ ಒಂದು ಸಂಗತಿ ಆಗ ಎದುರಾಯಿತು. ಅದು ವಿಜಯವಾಡ. ಅದು ಮಾರ್ಚ್ ಕೊನೆ. ಆ ಊರಿನಲ್ಲಿ ಮಧ್ಯಾಹ್ನ ಯಾವ ನಲ್ಲಿ ತಿರುಗಿಸಿದರೂ ಟ್ಯಾಂಕಿನಿಂದ ಸುಡುವ ನೀರೇ ಬರುತ್ತದೆ. ಬೇಸಿಗೆಯಲ್ಲಿ ಜನ ಹಿಂದಿನ ದಿನವೇ ನೀರು ತುಂಬಿಸಿಟ್ಟು, ಅದು ತಣಿದ ಮೇಲೆ ಸ್ನಾನ ಮಾಡುತ್ತಾರೆ. ಲಾಡ್ಜಿನ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕೇಳಿದೆವು. ಒಬ್ಬ ಮೆಣಸಿನಕಾಯಿ ವ್ಯಾಪಾರಿ ಬೈದೇಬಿಟ್ಟ.

"ನೀವೇ ಸ್ನಾನ ಮಾಡಿ ಕಾಮೇಶ್ವರ ರಾವುಗಾರೂ, ಯಜಮಾನರು," ಎಂದರು ರಾಮಮೋಹನ್.

"ನನಗೇನು ಹುಚ್ಚಾ?" ಎಂದರು ಕಾಮೇಶ್ವರ ರಾವು.

ಇಬ್ಬರೂ ನನ್ನತ್ತ ನೋಡಿದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಆದಾಯ ತೆರಿಗೆ ಕಾನೂನಿನ ಸಲುವಾಗಿ ಸ್ನಾನ ಮಾಡಿದ ಪುಣ್ಯ ಎಷ್ಟು ಜನಕ್ಕೆ ಲಭಿಸಿದೆಯೋ ಕಾಣೆ. ತಣ್ಣೀರಿನ ನಲ್ಲಿ ಯಾವುದು, ಬಿಸಿನೀರಿನದು ಯಾವುದು ಎಂದು ನನಗೆ ಕೊನೆಗೂ ತಿಳಿಯಲಿಲ್ಲ. ಎರಡೂ ಸುಟ್ಟವು. ಟವೆಲ್ಲು ಸುತ್ತಿಕೊಂಡು, ಮೈ ಕೆಂಪಾಗಿ, ನಗುತ್ತ ನಿಂತ ನನ್ನ ಫೋಟೋ ಕಂಪನಿಯ ಕಡತ ಸೇರಿತು. ಹೆಣ್ಣು ನೋಡಲು ಹೋದಾಗ ಕೊಡಲು ನನ್ನ ಬಳಿ ಇದ್ದ ಫೋಟೋಗಳಿಗಿಂತ ಅದೇ ಚೆನ್ನಾಗಿತ್ತು ಎಂಬುದು ಬೇರೆ ಮಾತು.

ಅದರ ಮರುದಿನದಿಂದ ಕಂಪನಿ ಯಂತ್ರವನ್ನು ಮರೆಯಿತು. ಕಾಮೇಶ್ವರ ರಾವು ಬಿಸಿನೀರಿನ ವಾಲ್ವು ಮುಚ್ಚಿದರು. ಆದರೆ ಬಾಡಿಗೆ ಮುಚ್ಚುವಂತಿರಲಿಲ್ಲ. ಕರಾರು ಕರಾರೇ.

ಪೆಟ್ಟು ಬಿದ್ದದ್ದು ಅನಸೂಯಮ್ಮನಿಗೆ. ಉಳಿದ ಬಿಸಿಲು ಅವರದ್ದೇನೋ ಆಯಿತು, ಆದರೆ ಬಿಸಿಲು ಉಳಿಯಬೇಕಲ್ಲ. ಪೆಟ್ಟಿಗೆಗಳು ಮಾಳಿಗೆಯನ್ನೆಲ್ಲ ನುಂಗಿದ್ದವು. ನಡುವಿನ ಓಣಿಯಂಥ ಜಾಗದಲ್ಲಿ ಅವುಗಳ ನೆರಳು ತಿರುಗುತ್ತಿತ್ತು. ನೆರಳಿನ ಹಿಂದೆ ಅವರು ಸೀರೆ ಎಳೆದುಕೊಂಡು ತಿರುಗುತ್ತಿದ್ದರು. ಅರೆ ಒಣಗಿದ ಸಂಡಿಗೆ ಮುಗ್ಗಲು ಹಿಡಿಯಿತು. ಹೋಟೆಲಿನವರು ಒಂದು ಮೂಟೆ ವಾಪಸು ಕಳಿಸಿದರು. ಸುಮಿತ್ರಾ ಮಂಗಳಗಿರಿಯಿಂದ ಬಂದು, ಅಮ್ಮನ ಟ್ರಂಕು ತೆಗೆದು ಬಟ್ಟೆ ತುಂಬಿಸಲು ಶುರುಮಾಡಿದಳು. ಅದೇ ದಿನ ನಾನು ಲಾಡ್ಜಿನ ಬಾಡಿಗೆ ವಸೂಲಿಗೆಂದು ಬಂದಿದ್ದೆ. ಮುಖ ತಪ್ಪಿಸಿ ಓಡಾಡಿದರೂ ಸಿಕ್ಕಿಬಿದ್ದೆ.

"ನಿಮ್ಮ ಕನ್ನಡವಾಳ್ಳು ಬಂದು ನಮ್ಮ ಅಮ್ಮನ ಅನ್ನ ಕಿತ್ತುಕೊಂಡರು ಕದಾ," ಎಂದಳು ಸುಮಿತ್ರಾ.

"ಏ, ಹುಡುಗನ್ನ ಬೈಬ್ಯಾಡ. ಅಂವ ಬರೇ ಸಂಬಳಕ್ಕ ದುಡಿಯಾಂವ," ಎಂದರು ಅನಸೂಯಮ್ಮ. ಬೈಗುಳವೇ ವಾಸಿಯಿತ್ತು.

ಮಗಳು ಟ್ರಂಕು ತುಂಬುತ್ತಿದ್ದಾಗ ಇವರು ಮಾಳಿಗೆಗೆ ಹೋದರು. ಹಸಿ ಸಂಡಿಗೆಯ ಸೀರೆಯೊಂದನ್ನು ಇಡಲು ಜಾಗ ಕಾಣದೆ, ಸದ್ಯಕ್ಕಿರಲಿ ಎಂದು ಒಂದು ಪೆಟ್ಟಿಗೆಯ ಗಾಜಿನ ಮೇಲೆ ಹಾಸಿ, ಜಾರದಂತೆ ತುದಿಗಳನ್ನು ಕಟ್ಟಿ, ಊಟಕ್ಕೆ ಇಳಿದರು. ಊಟ ಮುಗಿಸಿ ಹೋಗಿ ನೋಡಿದರೆ ಸಂಡಿಗೆ ಗಲಗಲ ಎನ್ನುತ್ತಿತ್ತು. ಕೆಳಗಿನಿಂದ ಕಾದ ಗಾಜು, ಮೇಲಿನಿಂದ ಬಿಸಿಲು. ಎರಡು ದಿನದ ಒಣಗು ಒಂದು ಊಟದ ಹೊತ್ತಿನಲ್ಲಿ ಆಗಿತ್ತು. ಬೀದಿಯ ಧೂಳಿಲ್ಲ. ಓರೆ ಗಾಜಿನ ಮೇಲೆ ಕಾಗೆಗೆ ಕಾಲು ನಿಲ್ಲುವುದಿಲ್ಲ. ಅವರು ಕೆಳಗಿಳಿದು ಬಂದು ಟ್ರಂಕಿನಿಂದ ಬಟ್ಟೆ ತೆಗೆದು ಮತ್ತೆ ಗೂಟಕ್ಕೆ ತೂಗುಹಾಕಿದರು. ಮರುದಿನದಿಂದ ನಮ್ಮ ಕಂಪನಿಯ ಯಂತ್ರಗಳೆಲ್ಲ ಸೀರೆ ಉಟ್ಟವು.

ಹೀಗೆ ಒಂದು ವರ್ಷದ ಮೇಲೆ ನಡೆಯಿತು. ನಾನು ವಿಜಯವಾಡಕ್ಕೆ ಹೋದಾಗಲೆಲ್ಲ ಒಂದು ಪೊಟ್ಟಣ ಕೈಗೆ ಬರುತ್ತಿತ್ತು. ಯಂತ್ರ ಹೇಗಿದೆ ಎಂದು ರಾಮಮೋಹನ್ ಕೇಳಿದರೆ, "ಚೆನ್ನಾಗಿ ಕೆಲಸ ಮಾಡ್ತಿದೆ ಸಾರ್," ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಆ ಪೊಟ್ಟಣದ ಸಂಡಿಗೆಯನ್ನು ಶಂಕರಪ್ಪ ಮಾವನ ಮನೆಯಲ್ಲಿ ಕರಿದಾಗ ರಾಮಮೋಹನ್ ಕೂಡ ತಿಂದು, ತಟ್ಟೆಯ ಚೂರನ್ನೂ ಬಿಟ್ಟಿರಲಿಲ್ಲ.

೧೯೯೨ರ ಬೇಸಿಗೆಗೆ ಮೊದಲು ಎರಡು ತೊಂದರೆ ಒಟ್ಟಿಗೆ ಬಂದವು. ಬೇಡದ ಯಂತ್ರದ ಬಾಡಿಗೆ ಕಟ್ಟಿ ಸೋತಿದ್ದ ಕಾಮೇಶ್ವರ ರಾವು, ಕರಾರಿನಿಂದ ಪಾರಾಗಲು ನೆವ ಹುಡುಕುತ್ತ ಒಂದು ದಿನ ಪಕ್ಕದ ಮಾಳಿಗೆಗೆ ಇಣುಕಿದರು. "ನಿಮ್ಮ ಯಂತ್ರವನ್ನು ಆಯಮ್ಮ ಸಂಡಿಗೆ ಒಲೆ ಮಾಡಿಕೊಂಡಿದ್ದಾಳೆ. ಅದನ್ನು ನಿಲ್ಲಿಸಿ, ಇಲ್ಲ ನಾನು ಬಾಡಿಗೆ ನಿಲ್ಲಿಸುತ್ತೇನೆ," ಎಂದು ಬರೆದರು. ಗುತ್ತಿಗೆ ಪತ್ರದ ಪ್ರಕಾರ ಮಾಳಿಗೆಯ ಬಾಗಿಲಿನ ಬೀಗ ಕಂಪನಿಯದು. ಸಂಡಿಗೆ ತೆಗೆಯದಿದ್ದರೆ ಗುತ್ತಿಗೆ ಮುಗಿಯುವವರೆಗೂ ಬಾಗಿಲಿಗೆ ಬೀಗ ಎಂದು ನೋಟಿಸು ತಯಾರಾಯಿತು. ಅದನ್ನು ತಲುಪಿಸಲು ಕನ್ನಡ ಬಲ್ಲವನೇ ಬೇಕಿತ್ತು.

ಅನಸೂಯಮ್ಮ ಕೇಳಿಸಿಕೊಂಡು ಟ್ರಂಕಿನಿಂದ ಗುತ್ತಿಗೆ ಪತ್ರ ತೆಗೆದರು. "ಉಳಿದ ಬಿಸಿಲು ನಂದು ಅಂತ ಬರದೈತೋ ಇಲ್ಲೋ?"

"ಬರೆದಿದೆ ಅಮ್ಮಾ. ಆದರೆ ಇದು ಯಂತ್ರದ ಮೇಲೇ ಬೀಳೋ ಬಿಸಿಲಲ್ವಾ?"

"ಯಂತ್ರ ನೀರು ಕಾಸೇತೇನು?"

"ಇಲ್ಲ."

"ಹಂಗಾರ ಅದು ಬಿಸಿಲು ತಗೊಂಡೇ ಇಲ್ಲ. ಎಲ್ಲಾ ಉಳದೈತಿ. ಎಲ್ಲಾ ನಂದೇ ಕದಾ?"

ಆ ನೋಟಿಸನ್ನು ನಾನೇ ಮಡಿಸಿ ಜೇಬಿಗೆ ಹಾಕಿಕೊಂಡೆ. ಆದರೆ ಬೀಗ ಹಾಕುವವರಿಗೆ ತರ್ಕ ಬೇಕಿಲ್ಲ, ಬೀಗವಿದ್ದರೆ ಸಾಕು. ಅದು ಅನಸೂಯಮ್ಮನಿಗೂ ಗೊತ್ತಿತ್ತು. ಆ ದಿನ ಪೊಟ್ಟಣ ಕಟ್ಟಿಕೊಡುವುದನ್ನು ಅವರು ಮರೆತರು.

ಎರಡನೆಯ ತೊಂದರೆ ಇನ್ನೂ ದೊಡ್ಡದು. ಸವಕಳಿ ತೋರಿಸಿದ ಯಂತ್ರ ನಿಜಕ್ಕೂ ಇದೆಯೇ, ಬಳಕೆಯಲ್ಲಿದೆಯೇ ಎಂದು ನೋಡಲು ಆದಾಯ ತೆರಿಗೆ ಇಲಾಖೆಯ ಅಧಿಕಾರಿ ದಕ್ಷಿಣಾಮೂರ್ತಿಯವರು ಬರುವುದೆಂದಾಯಿತು. ರಾಮಮೋಹನ್ ಮೊದಲ ಬಾರಿಗೆ ಅನಸೂಯಮ್ಮನ ಮನೆಯ ಮೆಟ್ಟಿಲು ಹತ್ತಿದರು, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು.

"ಅಮ್ಮಗಾರೂ, ಅವರು ಕೇಳಿದರೆ ದಿನಾ ನೀರು ಕಾಯುತ್ತದೆ ಅಂತ ಒಂದು ಮಾತು ಹೇಳಿಬಿಡಿ. ನೋಟಿಸು ಹರಿದುಹಾಕುತ್ತೇನೆ. ಇಲ್ಲದಿದ್ದರೆ ನನ್ನ ಕೈಯಲ್ಲಿಲ್ಲ, ಬೀಗವೇ."

"ನೋಡೋಣ," ಎಂದರು ಅವರು ತೆಲುಗಿನಲ್ಲಿ.

"ಮತ್ತೆ ಆ ಒಂದು ದಿನ ಸಂಡಿಗೆ ಹಾಕಬೇಡಿ."

"ಬೆಳಗ್ಗೆ ಹಿಟ್ಟು ಕುದಿಸಿಯಾಗಿರುತ್ತದೆ. ಹಿಟ್ಟಿಗೆ ಇನ್‌ಕಮ್ ಟ್ಯಾಕ್ಸು ಗೊತ್ತಿಲ್ಲ."

ದಕ್ಷಿಣಾಮೂರ್ತಿಯವರು ಬಂದ ದಿನ ಹಿಟ್ಟು ಕುದ್ದಿತ್ತು. ಕೆಳಗೆ ಕಾಮೇಶ್ವರ ರಾವು ವರ್ಷಗಳ ಮೇಲೆ ವಾಲ್ವು ತಿರುಗಿಸಿದ್ದರು. ತುಕ್ಕಿನ ನೀರು ಕೆಂಪಗೆ ಸುರಿಯುತ್ತಿತ್ತು. ಮೇಲೆ ಯಂತ್ರಗಳು ಹೊಸದಾಗಿ ಸೀರೆ ಉಟ್ಟು ನಿಂತಿದ್ದವು. ಅಧಿಕಾರಿ ಮಾಳಿಗೆ ಹತ್ತಿ, ಚಪ್ಪಲಿ ಬಿಟ್ಟು, ಓಡಿ, ಸುಟ್ಟುಕೊಂಡು, ಛತ್ರಿಯ ನೆರಳಿಗೆ ಸೇರಿಕೊಂಡರು. ಅನಸೂಯಮ್ಮ ನನ್ನೊಡನೆ ಕನ್ನಡದಲ್ಲಿ ಏನೋ ಅಂದದ್ದು ಕೇಳಿ ಅವರ ಮುಖ ಅರಳಿತು.

"ತಾವು ಕನ್ನಡದವರಾ ಅಮ್ಮಾ? ನಾನು ಹಿಂದೂಪುರದವನು. ನಮ್ಮ ಮನೇಲಿ ಎರಡೂ ನಡೆಯುತ್ತೆ," ಎಂದರು.

ಅಲ್ಲಿಂದ ಮಾತು ಕನ್ನಡಕ್ಕೆ ತಿರುಗಿತು. ಒಂದಕ್ಷರವೂ ತಿಳಿಯದ ರಾಮಮೋಹನ್ ನನ್ನ ಪಕ್ಕೆಗೆ ತಿವಿದು, "ಏಮಂಟುನ್ನಾರು? ಏಮಂಟುನ್ನಾರು?" ಎಂದು ಪಿಸುಗುಡತೊಡಗಿದರು. ಊಟ ಆಯಿತಾ ಎಂದು ಕೇಳುತ್ತಿದ್ದಾರೆ ಎಂದೆ. ಅಲ್ಲಿಯವರೆಗೆ ಅದು ನಿಜವೂ ಆಗಿತ್ತು.

ಮುಂದೆ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಅಧಿಕಾರಿ ತಮ್ಮ ವರದಿಯಲ್ಲಿ, ಯಂತ್ರ ಬಳಕೆಯಲ್ಲಿದೆ ಎಂದೂ, ಬಳಕೆಯ ಉದ್ದೇಶ ತಿನ್ನುವ ಪದಾರ್ಥಗಳನ್ನು ಒಣಗಿಸುವುದು ಎಂದೂ, ತಾವೇ ಕಣ್ಣಾರೆ ಕಂಡುದಾಗಿಯೂ ಬರೆದರು. ಅದನ್ನು ಓದಿದ ನಮ್ಮ ವಕೀಲರು ಈ ಸಲ ನಗಲಿಲ್ಲ. ಸರ್ಕಾರಿ ಕಡತದಲ್ಲಿ ಬಳಕೆ ಎಂದರೆ ಸಂಡಿಗೆ ಎಂದಾದ ಮೇಲೆ, ಸಂಡಿಗೆ ನಿಲ್ಲಿಸಿದರೆ ಬಳಕೆಯೇ ನಿಂತಂತೆ, ಉಳಿಸಿದ ತೆರಿಗೆಯೂ ಪ್ರಶ್ನೆಗೆ ಬರಬಹುದು, ಆದ್ದರಿಂದ ಆ ಬಾಗಿಲಿನ ಹತ್ತಿರವೂ ಹೋಗಬೇಡಿ ಎಂದರು. ರಾಮಮೋಹನ್ ತಾವೇ ಹೋಗಿ ಬೀಗದ ಕೈಯನ್ನು ಅನಸೂಯಮ್ಮನಿಗೆ ಒಪ್ಪಿಸಿದರು. ಕಾಮೇಶ್ವರ ರಾವು ಇನ್ನೂ ಬಾಡಿಗೆ ಕಟ್ಟುತ್ತಿದ್ದಾರೆ. ಈಗ ಲಾಡ್ಜಿನ ಊಟದಲ್ಲಿ ಸಂಡಿಗೆಯನ್ನೂ ಬಡಿಸುತ್ತಾರೆಂದು ಕೇಳಿದೆ, ಅಷ್ಟರಮಟ್ಟಿಗೆ ಬುದ್ಧಿವಂತರು. ಮಾಳಿಗೆ ಅನಸೂಯಮ್ಮನ ಕೈಯಲ್ಲೇ ಇದೆ.

ಆದರೆ ಆ ಮಧ್ಯಾಹ್ನ, ಛತ್ರಿಯ ಕೆಳಗೆ, ಇದಾವುದೂ ನಮಗೆ ಗೊತ್ತಿರಲಿಲ್ಲ. ದಕ್ಷಿಣಾಮೂರ್ತಿಯವರು ಕನ್ನಡಕ ತೆಗೆದು ಒರೆಸಿ, ಸೀರೆ ಉಟ್ಟ ಯಂತ್ರಗಳನ್ನು ಒಮ್ಮೆ ನೋಡಿ, ನಮ್ಮ ಕಡೆಗೆ ಬೆನ್ನು ಮಾಡಿ ಕೇಳಿದರು:

"ಅಮ್ಮಾ, ನಿಜ ಹೇಳಿ. ಈ ಯಂತ್ರ ಬಳಕೆಯಲ್ಲಿದೆ, ನೀರು ಕಾಯ್ತಿದೆ ಅಂತ ಇವರು ನಮಗೆ ಬರೆದುಕೊಟ್ಟಿದ್ದಾರೆ. ಇದನ್ನ ಯಾರಾದರೂ ಬಳಸ್ತಿದ್ದಾರಾ?"

ನಾನು ನೆಲ ನೋಡಿದೆ. ರಾಮಮೋಹನ್ ನನ್ನ ಪಕ್ಕೆಗೆ ತಿವಿಯುವುದನ್ನೂ ಮರೆತು ಅನಸೂಯಮ್ಮನ ಬಾಯಿಯನ್ನೇ ನೋಡುತ್ತಿದ್ದರು.

"ನೀರಂತ ನೀರು! ಬೆಜವಾಡದಾಗ ಬಿಸಿನೀರು ಯಾಂವ ಕೇಳ್ತಾನ್ರೀ? ದಿನಾ ಬಳಸಾಕಿ ನಾನೊಬ್ಬಾಕಿನ, ಸಂಡಿಗಿ ಒಣಗಸಾಕ," ಎಂದರು ಅವರು. "ಇದಕ್ಕ ಬಳಕಿ ಅಂತಾರಂದ್ರ ಬರಕೋರಿ, ಅನ್ನಂಗಿಲ್ಲಂದ್ರ ಕೆಳಗಿಳೀರಿ, ನನ್ನ ಬಿಸಿಲಿಗೆ ಅಡ್ಡ ನಿಂತೀರಿ."